ಎಸ್‌.ಪಿ. ರಸ್ತೆಯ ಸಾಮಾನಿನಲ್ಲಿ ಉಲ್ಕಾಶಿಲೆಯ ಬೇಟೆ

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿಯಲ್ಲಿ ಹೊಸೂರು ದಾಟಿದರೆ ಶೂಲಗಿರಿ. 2008ರ ಸೆಪ್ಟೆಂಬರ್ 12ರಂದು ಅಲ್ಲಿ ಆಕಾಶದಿಂದ ಬಿದ್ದ ಕಲ್ಲುಗಳ ತೂಕ ನೂರು ಕೆ.ಜಿ.ಗಿಂತ ಜಾಸ್ತಿ. ಅಷ್ಟು ಹತ್ತಿರ ಬಿದ್ದ ಮೇಲೆ ನಾವೂ ಒಂದು ಕೈ ನೋಡಬಹುದು, ಅಲ್ವಾ? ಬಹುಪಾಲು ಉಲ್ಕಾಶಿಲೆಗಳಲ್ಲಿ ಕಬ್ಬಿಣ, ನಿಕ್ಕಲ್ ಇರುತ್ತವೆ. ನಾವೀಗ ಮನೆಯಲ್ಲೇ ಮಾಡಹೊರಟಿರುವ ಮೆಟಲ್ ಡಿಟೆಕ್ಟರ್, ಅಂದರೆ ಲೋಹ ಪತ್ತೆ ಸಾಧನ, ಹಿಡಿಯುವುದು ಅದನ್ನೇ.

ಮೊದಲು ಕಾಯಿಲ್. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಎನಾಮಲ್ ಹಚ್ಚಿದ ತಾಮ್ರದ ತಂತಿ ತನ್ನಿ. 20 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬಕ್ಕೆ 20 ಸುತ್ತು ಸುತ್ತಿ, ಟೇಪಿನಿಂದ ಬಿಗಿದು, ಪಿವಿಸಿ ಪೈಪಿನ ತುದಿಗೆ ಕಟ್ಟಿ. ಹತ್ತಿರ ಒಂದು ಸ್ಕ್ರೂ ಕೂಡ ಇರಬಾರದು. ತಂತಿ ಅಲುಗಾಡಿದರೂ ಸದ್ದು ಬದಲಾಗುತ್ತದೆ, ಹಾಗಾಗಿ ಟೇಪಿಗೆ ಜಿಪುಣತನ ಬೇಡ.

ಟ್ರಾನ್ಸಿಸ್ಟರ್, ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ ಎಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ಕಾಯಿಲ್ ಜೊತೆ ಸೇರಿಸಿ ಕಾಲ್ಪಿಟ್ಸ್ ಆಸಿಲೇಟರ್, ಅಂದರೆ ಒಂದೇ ಸಮನೆ ತರಂಗ ಹುಟ್ಟಿಸುವ ಸರ್ಕಿಟ್, ಮಾಡಿ. ಕೆಪಾಸಿಟರ್ ಬದಲಿಸುತ್ತಾ ಅದನ್ನು 153 ಕಿಲೋಹರ್ಟ್ಸ್ ಆಸುಪಾಸಿಗೆ ತನ್ನಿ. 153 ಯಾಕೆ? ಆಸಿಲೇಟರ್ ತನ್ನ ತರಂಗದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನವನ್ನೂ ಸಣ್ಣಗೆ ಹೊರಡಿಸುತ್ತದೆ. 153ರ ನಾಲ್ಕು ಪಟ್ಟು 612, ಅಂದರೆ ಬೆಂಗಳೂರು ಆಕಾಶವಾಣಿಯ ಎಎಂ ತರಂಗ. ಹಳೇ ಟ್ರಾನ್ಸಿಸ್ಟರ್ ರೇಡಿಯೋವನ್ನು ಅಲ್ಲಿಗೆ ತಿರುಗಿಸಿ ಪೈಪಿನ ಮೇಲ್ತುದಿಗೆ ಕಟ್ಟಿದರೆ, ಎರಡೂ ತರಂಗ ಸೇರಿ ಸಿಳ್ಳೆ ಕೇಳುತ್ತದೆ. ಲೋಹ ಹತ್ತಿರ ಬಂದಾಗ ಸಿಳ್ಳೆಯ ಸ್ವರ ಬದಲಾಗುತ್ತದೆ. ಸಿಳ್ಳೆ ಆದಷ್ಟು ದಪ್ಪ ದನಿಯಲ್ಲಿರಲಿ, ಸಣ್ಣ ವ್ಯತ್ಯಾಸವೂ ಕಿವಿಗೆ ಬೀಳುತ್ತದೆ.

ಊರೊಳಗೆ ಹುಡುಕುವುದು ದಂಡ. ನೆಲದ ತುಂಬ ಮೊಳೆ, ಕಂಬಿ ಚೂರು. ಕೊಯ್ಲಾದ ರಾಗಿ ಹೊಲ ವಾಸಿ, ಆದರೆ ಮಾಲೀಕರನ್ನು ಕೇಳಿಯೇ ಕಾಲಿಡಿ. ಆನೇಕಲ್ ಕಡೆ ನನಗೆ ಮೊದಲು ಸಿಕ್ಕಿದ್ದು ಎತ್ತಿನ ಲಾಳ! ಇನ್ನೊಂದು ಮಾತು. ಶೂಲಗಿರಿಯದು ಕಬ್ಬಿಣ ಕಡಿಮೆ ಇರುವ ಜಾತಿಯ ಕಲ್ಲು. ಅಂಥದ್ದಕ್ಕೆ ಸಿಳ್ಳೆ ಅಷ್ಟಾಗಿ ಬದಲಾಗದು. ಸುಟ್ಟಂತೆ ಕಾಣುವ ತೆಳು ಕಪ್ಪು ಸಿಪ್ಪೆಯನ್ನು ಕಣ್ಣಲ್ಲೂ ಹುಡುಕುತ್ತಿರಿ.

ಸಿಕ್ಕ ಕಲ್ಲನ್ನು ಬಾತ್‌ರೂಮ್ ಟೈಲ್‌ನ ಹಿಂಬದಿಗೆ ಉಜ್ಜಿ. ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನಟೈಟ್, ಎರಡೂ ಭೂಮಿಯದೇ ಕಬ್ಬಿಣದ ಅದಿರು. ಮೈಯೆಲ್ಲ ಗುಳ್ಳೆಯ ತೂತಿದ್ದರೆ ಕುಲುಮೆಯ ಕಿಟ್ಟ. ಅಯಸ್ಕಾಂತ ಹಿಡಿಯುವುದಾದರೆ ಫ್ರಿಜ್ ಬಾಗಿಲಿನ ಸಾಧಾರಣದ್ದು ಸಾಕು. ಬಲು ಜೋರಿನ ನಿಯೋಡಿಮಿಯಮ್ ಅಯಸ್ಕಾಂತ ತಾಗಿಸಿದರೆ ಕಲ್ಲಿನ ಹಳೇ ಕಾಂತೀಯ ಗುರುತು ಅಳಿಸಿಹೋಗುತ್ತದೆ.

ಇಷ್ಟೆಲ್ಲ ದಾಟಿಯೂ ಉಲ್ಕಾಶಿಲೆಯೇ ಇರಬಹುದು ಅನ್ನಿಸಿದರೆ ಕಲ್ಲನ್ನು ತೊಳೆಯಬೇಡಿ. ಸಿಕ್ಕ ಜಾಗದ ಫೋಟೋ ಸಮೇತ ಕುಮಾರಸ್ವಾಮಿ ಲೇಔಟ್‌ನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಒಯ್ಯಿರಿ.