ಮೂಗಿಗಿಂತ ಮೂಗುತಿ ಭಾರ: ಹೊಸ ಕಾರಿನ ಸಣ್ಣ ರಿಪೇರಿ, ಮುಂಬಯಿಯ ದೊಡ್ಡ ಬಿಲ್ಲು

ಹಳೆ ಕಾರಿನಲ್ಲಿ ಹೆಡ್‌ಲೈಟ್ ಹೋದರೆ ಒಂದು ಎಚ್4 ಬಲ್ಬು ತಂದು, ಬಾನೆಟ್ ಎತ್ತಿ, ರಬ್ಬರ್ ಟೋಪಿ ಎಳೆದು, ಕ್ಲಿಪ್ ಸರಿಸಿ ಹಾಕಿದರೆ ಮುಗಿಯಿತು. ಖರ್ಚು ಕೆಲವು ನೂರು ರೂಪಾಯಿ. ಈಗಿನ ಎಷ್ಟೋ ಎಲ್‌ಇಡಿ ದೀಪಗಳಲ್ಲಿ ಬದಲಿಸಲು ಬಲ್ಬೇ ಇಲ್ಲ. ಒಂದು ಪಟ್ಟಿ ಆರಿದರೂ ಎಸ್ಟಿಮೇಟಿನಲ್ಲಿ ಬರುವುದು ‘ಅಸೆಂಬ್ಲಿ ಬದಲಿ’, ಅಂದರೆ ಇಡೀ ದೀಪ.

ಬಿಲ್ಲು ಹೀಗೆ ಉಬ್ಬುವುದಕ್ಕೆ ಕಾರಣಗಳಿವೆ. ಸಣ್ಣ ಭಾಗ ಬಿಡಿಯಾಗಿ ಮಾರಾಟಕ್ಕಿಲ್ಲ. ಕೈ ಹೋಗಲು ಜಾಗವಿಲ್ಲ, ದೀಪಕ್ಕೆ ಬಂಪರ್ ಬಿಚ್ಚಬೇಕು, ಬಂಪರಿನ ಕೂಲಿ ಬೇರೆ. ಹೊಸ ಭಾಗ ಹಾಕಿದ ಮೇಲೆ ಕಾರಿನ ಕಂಪ್ಯೂಟರಿಗೆ ಅದನ್ನು ಪರಿಚಯಿಸಲು ಕಂಪನಿಯ ಸ್ಕ್ಯಾನರ್ ಬೇಕು. ಇವು ಮೂರೂ ನಮ್ಮ ಕೈಯಲ್ಲಿಲ್ಲ. ನಾಲ್ಕನೆಯದು ಇದೆ: ಅಳೆಯದೆ ಬದಲಿಸುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಹಾಗೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು ಅಂದ ಕೂಡಲೇ ಸೆನ್ಸರ್ ಬದಲಿಸುವ ಗ್ಯಾರೇಜುಗಳು ಡೊಂಬಿವಲಿಯಿಂದ ಕೊಲಾಬಾದವರೆಗೂ ಇವೆ. ಕಾರು ಒಳಗೆ ಬಿಡುವ ಮೊದಲು ನೀವೇ ಅಳೆದುಕೊಂಡು ಹೋದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಸಾದಾ ಡಿಜಿಟಲ್ ಮಲ್ಟಿಮೀಟರ್, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ಫೋನಿಗೆ ಕಳಿಸುವ ಬ್ಲೂಟೂತ್ ಓಬಿಡಿ ಅಡಾಪ್ಟರ್, ಇಲ್ಲಿನವರು ‘ದಸ್ ಕಾ ಪಾನಾ’ ಅನ್ನುವ 10 ಮಿ.ಮೀ. ಸ್ಪ್ಯಾನರ್, ಒಂದು ಟಾರ್ಚ್. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರೋಡಿನಲ್ಲಿ ಮೀಟರು ಸುಲಭವಾಗಿ ಸಿಗುತ್ತದೆ.

ಮೊದಲು ಬ್ಯಾಟರಿ, ಆಮೇಲೆ ಉಳಿದದ್ದು

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವುದು), ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ದೀಪಗಳೆಲ್ಲ ಒಟ್ಟಿಗೆ ಹತ್ತಿ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ ಆದರೆ ಹೆದರಬೇಡಿ. ಮೂರು ಭಾಗ ಒಂದೇ ಬೆಳಿಗ್ಗೆ ಕೆಡುವುದು ಅಪರೂಪ. ವೋಲ್ಟೇಜ್ ಇಳಿದರೆ ಕಂಪ್ಯೂಟರುಗಳು ಗೊಂದಲಗೊಂಡು ಸುಳ್ಳು ದೂರು ಬರೆದುಕೊಳ್ಳುತ್ತವೆ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಹೆಡ್‌ಲೈಟ್ ಒಂದು ನಿಮಿಷ ಹಚ್ಚಿ ಆರಿಸಿ, ಐದು ನಿಮಿಷ ಬಿಟ್ಟು ಬ್ಯಾಟರಿಯ ಪ್ಲಸ್, ಮೈನಸ್ ನಡುವೆ ಮಲ್ಟಿಮೀಟರಿನಿಂದ ಅಳೆಯಿರಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ ಮೀಟರು ನೋಡುತ್ತಿರಿ. ತುಂಬಿದ ಬ್ಯಾಟರಿ ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯಿತು. ಎಂಜಿನ್ ಓಡುವಾಗ ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ನೋಡಿ: 13.8ರಿಂದ 14.5ರ ಆಸುಪಾಸು ಇದ್ದರೆ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಸರಿಯಿದೆ.

ಬ್ಯಾಟರಿಯ ತಲೆಯ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ನೇರ ಶಾರ್ಟ್. ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒರೆಸಿ. ‘ಸೆಲ್ಫ್ ಮೋಟಾರ್ ಹೋಗಿದೆ’ ಅನ್ನಿಸಿಕೊಂಡ ಕಾರುಗಳಲ್ಲಿ ಕೆಲವು ಇಷ್ಟಕ್ಕೇ ಎದ್ದು ಕೂರುತ್ತವೆ.

ಸಿಗ್ನಲಿನಲ್ಲಿ ತಾನಾಗಿ ಆಫ್ ಆಗುವ ಕಾರಾದರೆ ಅದಕ್ಕೆ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿಯೇ ಬೇಕು. ಅಂಗಡಿಯವರು ಅದೇ ಅಳತೆಯ ಸಾದಾ ಬ್ಯಾಟರಿ ಕಮ್ಮಿಗೆ ಕೊಡುತ್ತಾರೆ, ಕೂರುತ್ತದೆ ಕೂಡ. ಆದರೆ ದಾದರಿನಿಂದ ಸಾಯನ್‌ಗೆ ಹೋಗುವಷ್ಟರಲ್ಲಿ ಹತ್ತು ಸಲ ಸ್ಟಾರ್ಟ್ ಆಗುವ ಏಟು ಅದು ಬಹುಕಾಲ ತಾಳುವುದಿಲ್ಲ. ಇಲ್ಲಿ ಉಳಿಸಲು ಹೋಗಬೇಡಿ. ಹಳೆ ಬ್ಯಾಟರಿ ಕೊಟ್ಟರೆ ಎಷ್ಟು ಕಡಿತ ಅಂತ ಮಾತ್ರ ಖಂಡಿತ ಕೇಳಿ. ಅದರ ಸೀಸಕ್ಕೆ ಬೆಲೆಯಿದೆ.

ಕೋಡ್ ಹೇಳುವುದು ರೋಗವಲ್ಲ, ನೋವಿನ ಜಾಗ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಫೋನಿನ ಆ್ಯಪಿನಲ್ಲಿ ಕೋಡ್ ಓದಿ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಕೋಡಿನ ಜೊತೆ ಆ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ನಿನ ಬಿಸಿ ಎಲ್ಲ ದಾಖಲಾಗಿರುತ್ತದೆ. ಅಳಿಸಿದರೆ ಅದೂ ಹೋಯಿತು. ಅಗ್ಗದ ಅಡಾಪ್ಟರುಗಳು ಸಾಮಾನ್ಯವಾಗಿ ಎಂಜಿನ್ನಿನ ಕೋಡನ್ನಷ್ಟೇ ಓದುತ್ತವೆ, ಏರ್‌ಬ್ಯಾಗ್ ಎಬಿಎಸ್‌ಗಳದ್ದಲ್ಲ. ಕೆಲಸವಾದ ಮೇಲೆ ತೆಗೆದಿಡಿ, ಅಲ್ಲೇ ಬಿಟ್ಟರೆ ಬ್ಯಾಟರಿ ಹೀರುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಪೆಟ್ರೋಲ್ ಎಂಜಿನ್ ನಡುಗುತ್ತಿದೆ, ಚೆಕ್ ಎಂಜಿನ್ ದೀಪ ಮಿನುಗುತ್ತಿದೆ, ಕೋಡ್ ‘ಪಿ0301’. ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ, ಅಷ್ಟೇ. ಕಾರಣ ಕಿಡಿ ಹಾರಿಸುವ ಪ್ಲಗ್ಗೋ, ಪ್ಲಗ್ಗಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲೋ, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರೋ ಅದು ಹೇಳುವುದಿಲ್ಲ. ಗ್ಯಾರೇಜಿನ ಎಸ್ಟಿಮೇಟು ಮಾತ್ರ ‘ನಾಲ್ಕು ಕಾಯಿಲ್, ನಾಲ್ಕು ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್’ ಅಂತ ಬರುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಒಂದನೇ ಸಿಲಿಂಡರಿನ ಕಾಯಿಲ್ ಬಿಚ್ಚಿ. ಬಹುತೇಕ ಕಾರುಗಳಲ್ಲಿ ಒಂದು 10 ಮಿ.ಮೀ. ಬೋಲ್ಟು, ಒಂದು ಕನೆಕ್ಟರ್. ಕನೆಕ್ಟರಿನ ನಾಲಿಗೆ ಒತ್ತಿ ಎಳೆಯಿರಿ, ತಂತಿ ಹಿಡಿದಲ್ಲ. ಬಿಸಿಗೆ ಒಣಗಿದ ಆ ನಾಲಿಗೆ ಪಟಕ್ಕನೆ ಮುರಿದು ಇನ್ನೊಂದು ಬಿಲ್ಲು ಹುಟ್ಟುವುದು ಇಲ್ಲೇ. ಆ ಕಾಯಿಲನ್ನು ಮೂರನೇ ಸಿಲಿಂಡರಿಗೆ, ಮೂರನೆಯದ್ದನ್ನು ಒಂದನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ. ಈಗ ‘ಪಿ0303’ ಬಂತೋ, ಕೆಟ್ಟದ್ದು ಆ ಒಂದು ಕಾಯಿಲ್. ಪಿ0301 ಹಾಗೇ ಉಳಿಯಿತೋ, ಕಾಯಿಲ್ ನಿರಪರಾಧಿ. ಪ್ಲಗ್ಗುಗಳನ್ನು ಹೀಗೇ ಅದಲುಬದಲು ಮಾಡಿ ನೋಡಿ. ಆಗಲೂ ಕೋಡ್ ಕದಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ (ಸಿಲಿಂಡರಿನ ಒಳ ಒತ್ತಡ), ಅದನ್ನು ಗ್ಯಾರೇಜಿಗೆ ಬಿಡಿ. ದೀಪ ಮಿನುಗುತ್ತಿರುವಾಗ ಜೋರಾಗಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಆಗ ಬರುವುದು ಸಣ್ಣ ಬಿಲ್ಲಲ್ಲ.

ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ‘ಪಿ0135’ ಬಂದರೂ ಇದೇ ನೀತಿ. ಅದು ಸೆನ್ಸರಿನೊಳಗಿನ ಹೀಟರ್ ಸರ್ಕಿಟ್ಟಿನ ದೂರು. ಮೊದಲು ಫ್ಯೂಸ್, ಆಮೇಲೆ ಕನೆಕ್ಟರಿನಲ್ಲಿ ಹಸಿರು ಕಿಲುಬು, ಕೊನೆಗೆ ಒಂದೇ ಬಣ್ಣದ ಎರಡು ತಂತಿಗಳ ನಡುವೆ ಓಮ್ ಅಳತೆ. ಕೆಲವೇ ಓಮ್ ತೋರಿಸಿದರೆ ಹೀಟರ್ ಬದುಕಿದೆ, ಏನೂ ತೋರಿಸದಿದ್ದರೆ ತುಂಡಾಗಿದೆ.

ಇಲಿ ಕಡಿದ ವೈರಿಂಗ್

ಮಳೆಗಾಲದಲ್ಲಿ ಸೊಸೈಟಿಯ ಪಾರ್ಕಿಂಗಿನ ಇಲಿಗೆ ಬಾನೆಟ್ಟಿನ ಒಳಗೇ ಬೆಚ್ಚನೆ ಮನೆ. ಎರಡು ತಂತಿ ಕಡಿದದ್ದಕ್ಕೆ ಪೂರ್ತಿ ಹಾರ್ನೆಸ್ (ತಂತಿಗಳ ಇಡೀ ಕಟ್ಟು) ಬದಲಿಸಿ ಅಂದರೆ ನೆಗಡಿಗೆ ಮೂಗು ಕೊಯ್ದ ಹಾಗೆ. ವಾರಂಟಿ ಮುಗಿದ ಕಾರಾದರೆ ಒಳ್ಳೆ ಆಟೊ ಎಲೆಕ್ಟ್ರಿಷಿಯನ್ ಹಿಡಿದು ಹೀಗೆ ಮಾಡಿಸಿ: ಬ್ಯಾಟರಿಯ ಮೈನಸ್ ಬಿಚ್ಚಿ, ಕಪ್ಪಾದ ತಾಮ್ರ ಪೂರ್ತಿ ಕತ್ತರಿಸಿ, ಅದೇ ದಪ್ಪದ ತಂತಿಯ ತುಂಡು ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆಯನ್ನು ನಾಲ್ಕು ಸೆಂಟಿಮೀಟರಿನಷ್ಟು ಹೊದಿಸಬೇಕು. ತಂತಿ ಹೊಸೆದು ಕಪ್ಪು ಟೇಪ್ ಸುತ್ತಿದರೆ ಮುಂಬಯಿಯ ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲೇ ಕಿಲುಬು ಹಿಡಿಯುತ್ತದೆ. ಕಿಲುಬಿನಿಂದ ವೋಲ್ಟೇಜ್ ಚೂರು ಇಳಿದರೂ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಒಂದಕ್ಕೊಂದು ಹೊಸೆದ ಎರಡು ಸಣ್ಣ ತಂತಿಗಳು ಕಂಪ್ಯೂಟರುಗಳ ಮಾತಿನ ದಾರಿ, ಬೆಸುಗೆಯಾದ ಮೇಲೆ ಅದೇ ಹೊಸೆತ ಉಳಿಸಬೇಕು. ಹಳದಿ ಕವಚದ ತಂತಿ ಏರ್‌ಬ್ಯಾಗಿನದು. ಅದನ್ನು ಯಾರಿಂದಲೂ ಬೆಸೆಸಬೇಡಿ, ಸರ್ವಿಸ್ ಸೆಂಟರಿಗೇ ಕೊಡಿ.

ಡೀಸೆಲ್ ಇದ್ದವರಿಗೆ

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಇದೆ. ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಠಾಣೆಯಿಂದ ಮುಲುಂಡ್‌ಗೆ ಮಕ್ಕಳನ್ನು ಬಿಡುವ ಓಡಾಟದಲ್ಲಿ ಅದು ಎಲ್ಲಿಂದ ಬರಬೇಕು? ಡಿಪಿಎಫ್ ದೀಪ ಹತ್ತಿದ ದಿನವೇ ಪುಣೆ ಎಕ್ಸ್‌ಪ್ರೆಸ್‌ವೇಗೆ ಹೋಗಿ, ಒಂದು ಗೇರ್ ಕೆಳಗೆ ಇಟ್ಟು 2,000 ಆರ್‌ಪಿಎಂ ಮೇಲೆ, ಗಂಟೆಗೆ 60–80 ಕಿ.ಮೀ.ಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ದೀಪ ಆರುವ ಮೊದಲು ಎಂಜಿನ್ ಆಫ್ ಮಾಡಬೇಡಿ. ಖರ್ಚು ಡೀಸೆಲ್ಲಿನದಷ್ಟೇ. ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ ವರ್ಕ್‌ಶಾಪಿನಲ್ಲಿ ಬಲವಂತದ ಸುಡುವಿಕೆ, ಅದೂ ಆಗದಿದ್ದರೆ ಹೊಸ ಜಾಲರಿ.

ಕುರ್ಲಾಕ್ಕೆ ಹೋಗುವ ಮುನ್ನ

ಸೈಡ್ ಮಿರರ್ ಒಡೆದರೆ ಗಾಜು, ಮುಚ್ಚಳ, ಇಂಡಿಕೇಟರ್ ಮೂರೂ ಅನೇಕ ಮಾದರಿಗಳಿಗೆ ಬೇರೆ ಬೇರೆ ಸಿಗುತ್ತವೆ. ‘ಪೂರ್ತಿ ಮಿರರ್’ ಅಂದವರಿಗೆ ‘ಬರೀ ಗಾಜಿನ ಪಾರ್ಟ್ ನಂಬರ್ ಕೊಡಿ’ ಅನ್ನಿ. ಕಾರಿನ ಬಿಡಿಭಾಗದ ಅಂಗಡಿಗಳಿರುವ ಕುರ್ಲಾದ ಸಿಎಸ್‌ಟಿ ರೋಡಿಗೆ ಹೋಗುವಾಗ ಹಳೆ ಭಾಗದ ಮೇಲಿನ ನಂಬರಿನ ಫೋಟೊ, 17 ಅಕ್ಷರದ ಚಾಸಿ ನಂಬರ್ ಎರಡೂ ಇರಲಿ. ಒಂದೇ ವರ್ಷದ ಒಂದೇ ಮಾದರಿಯಲ್ಲೂ ಎರಡು ಬಗೆಯ ಕನೆಕ್ಟರ್ ಇರುತ್ತದೆ. ಬಾಷ್, ಲ್ಯೂಮಾಕ್ಸ್, ಮಿಂಡಾದಂಥವರು ಕಾರು ಕಂಪನಿಗಳಿಗೂ ಪೂರೈಸುತ್ತಾರೆ, ಸ್ವಂತ ಡಬ್ಬಿಯಲ್ಲೂ ಮಾರುತ್ತಾರೆ. ಆ ಡಬ್ಬಿ ಕೇಳಿ. ಮಿರರ್, ಟೈಲ್ ಲ್ಯಾಂಪ್, ಬಾಗಿಲ ಹಿಡಿ ಸೆಕೆಂಡ್‌ಹ್ಯಾಂಡ್ ಆದರೆ ತೊಂದರೆಯಿಲ್ಲ. ಬ್ರೇಕ್, ಸ್ಟೀರಿಂಗ್, ಸೀಟ್‌ಬೆಲ್ಟ್, ಏರ್‌ಬ್ಯಾಗ್ ಬೇಡವೇ ಬೇಡ.

ಎರಡು ಕೆಲಸ ಬೀದಿ ಬದಿಯಲ್ಲಿ ಮಾಡಿಸಬೇಡಿ. ಬಟನ್ ಒತ್ತುವ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕ್ ಪ್ಯಾಡ್ ಒಂದು: ‘ಸರ್ವಿಸ್ ಮೋಡ್’ಗೆ (ದುರಸ್ತಿಯ ಸ್ಥಿತಿಗೆ) ಹಾಕದೆ ಪಿಸ್ಟನ್ ಒತ್ತಿದರೆ ಅದರ ಮೋಟಾರೇ ಹೋಗುತ್ತದೆ. ಕ್ಯಾಮೆರಾ ಕೂತ ಮುಂದಿನ ಗಾಜು ಇನ್ನೊಂದು: ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸದಿದ್ದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ದೂರ ತಪ್ಪಾಗಿ ಅಳೆಯುತ್ತದೆ.

ಇನ್ಶೂರೆನ್ಸ್ ಕ್ಲೇಮಿನ ಲೆಕ್ಕ

‘ಕ್ಲೇಮ್ ಹಾಕೋಣ ಬಿಡಿ ಸರ್’ ಅನ್ನುವ ಸಲಹೆ ಬಂದಾಗ ಕಾಗದ ಪೆನ್ನು ತೆಗೆಯಿರಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಕಡಿತ) 50% ಇದ್ದವರು ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ 0, ಆಮೇಲೆ 20, 25, 35, 45, ಮತ್ತೆ 50. ಕಳೆದುಕೊಂಡದ್ದು 50+30+25+15+5, ಒಟ್ಟು 125%. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಯ) ಪ್ರೀಮಿಯಂ 8,000 ರೂಪಾಯಿ ಅಂತಿಟ್ಟರೆ ಐದು ವರ್ಷದಲ್ಲಿ ಹತ್ತಿರ ಹತ್ತಿರ 10,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಕೊಡಬೇಕಾದ 1,000 ರೂಪಾಯಿ. ಸವಕಳಿ ಕಳೆಯದೆ ಕೊಡುವ ‘ಝೀರೋ ಡೆಪ್’ ಆ್ಯಡ್-ಆನ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರಿನ ಅರ್ಧ ಬೆಲೆಯೂ ನಿಮ್ಮದೇ. ಅಂದರೆ 9,000ದ ಬಂಪರ್ ಕೆಲಸಕ್ಕೆ ಕ್ಲೇಮ್ ಮಾಡುವುದು ಕೈಯಾರೆ ನಷ್ಟ. ಪಾಲಿಸಿಯಲ್ಲಿ ಬೋನಸ್ ಕಾಯುವ ಆ್ಯಡ್-ಆನ್ ಇದ್ದರೆ ಮಾತ್ರ ಈ ಲೆಕ್ಕ ಬೇರೆ.

ಜಾಬ್‌ಕಾರ್ಡಿಗೆ (ಗ್ಯಾರೇಜಿನವರು ಬರೆಯುವ ಕೆಲಸದ ಪಟ್ಟಿಗೆ) ಸಹಿ ಹಾಕುವ ಮುಂಚೆ ಎಸಿ ಡಿಸ್‌ಇನ್‌ಫೆಕ್ಷನ್, ಎಂಜಿನ್ ಡೆಕಾರ್ಬನ್, ಅಂಡರ್‌ಬಾಡಿ ಕೋಟಿಂಗ್ ಇತ್ಯಾದಿಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ. ಕ್ಯಾಬಿನ್ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಗ್ಲೋವ್‌ಬಾಕ್ಸ್ ಹಿಂದೆಯೇ ಇದೆ, ಐದು ನಿಮಿಷದ ಕೆಲಸ. ಹೊಸದರ ಬಾಣದ ಗುರುತು ಹಳೆಯದರ ದಿಕ್ಕಿಗೇ ಇರಲಿ. ಎಸ್ಟಿಮೇಟಿನಲ್ಲಿ ಭಾಗ, ಕೂಲಿ ಬೇರೆ ಬೇರೆ ಬರೆಸಿ. ವಾರಂಟಿ ಇರುವಷ್ಟು ಕಾಲ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಹೊರಗೆ ಮುಟ್ಟಿಸಬೇಡಿ. ಎಸ್ಟಿಮೇಟು ಒಂದು, ಬಿಲ್ಲು ಇನ್ನೊಂದು ಆದರೆ ಮೊದಲು ವರ್ಕ್ಸ್ ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ‘ಬಿಚ್ಚಿದ ಹಳೆ ಭಾಗ ಡಿಕ್ಕಿಯಲ್ಲಿ ಇಡಬೇಕು’ ಅಂತ ಜಾಬ್‌ಕಾರ್ಡಿನಲ್ಲೇ ಬರೆಸಿ, ಕಾರು ತರುವಾಗ ಡಿಕ್ಕಿ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ.