ಏಪ್ರಿಲ್ ಬಿಸಿಲಲ್ಲಿ, ಲಗೇಜ್ ಸಮೇತ ಪಸರಣಿ ಘಾಟ್: ನನ್ನ ಲೆಕ್ಕ

ಪುಣೆಯಿಂದ ಮಹಾಬಳೇಶ್ವರ ಹತ್ತಿ, ಕೊಂಕಣಕ್ಕಿಳಿದು ಗೋವಾಕ್ಕೆ ಸೈಕಲ್ಲಿನಲ್ಲಿ ಹೋಗುವವರು ಬೇಸಿಗೆಯಲ್ಲಿ ಕೈಚೆಲ್ಲುವುದು ಮೊದಲ ದಿನವೇ, ವಾಯಿ ದಾಟಿದ ಮೇಲೆ. ಎಲ್ಲರ ವೇಳಾಪಟ್ಟಿಯೂ ಒಂದೇ: ನಸುಕಿನ ಮೂರಕ್ಕೆ ಹೊರಡುವುದು, ಕಾತ್ರಜ್, ಖಂಬಾಟ್ಕಿ ಘಾಟ್‌ಗಳನ್ನು ಮುಗಿಸಿ ಒಂಬತ್ತಕ್ಕೆ ವಾಯಿ, ಅದೇ ಹುರುಪಿನಲ್ಲಿ ಪಂಚಗಣಿಗೆ ಹತ್ತುವ ಪಸರಣಿ ಘಾಟ್. ವಾಯಿವರೆಗೆ ಸರಿ. ಆಮೇಲಿನದೇ ತಪ್ಪು. ಪಂಚಗಣಿ ಇರುವುದು ವಾಯಿಗೆ ಪಶ್ಚಿಮಕ್ಕೆ. ಅಂದರೆ ಘಾಟಿನ ಮುಖ ಪೂರ್ವಕ್ಕೆ. ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲು ನೇರ ಬಂಡೆಗೇ ಬಡಿಯುತ್ತದೆ, ಬಂಡೆ ಅದನ್ನು ನಮ್ಮ ಮೇಲೆ ಉಗುಳುತ್ತದೆ.

ನಾನು ಹತ್ತುವುದು ಸಂಜೆ. ವಾಯಿಯಲ್ಲಿ ಹತ್ತರಿಂದ ನಾಲ್ಕೂವರೆವರೆಗೆ ಊಟ, ನಿದ್ದೆ. ಐದರೊಳಗೆ ಪೆಡಲ್ ಮೇಲೆ ಕಾಲು. ರಸ್ತೆಯನ್ನು ಗುಡ್ಡ ಕೊರೆದು ಮಾಡಿದ್ದರಿಂದ ಹೊತ್ತು ಇಳಿದಂತೆ ಗುಡ್ಡದ ಬದಿಗೆ ನೆರಳಿನ ಪಟ್ಟಿ ಬೀಳುತ್ತದೆ, ಆರರ ಹೊತ್ತಿಗೆ ಅದು ರಸ್ತೆಯಗಲ ಹರಡಿರುತ್ತದೆ. ಶುಕ್ರವಾರ, ಶನಿವಾರ ಮಾತ್ರ ಬೇಡ. ಮುಂಬಯಿ, ಪುಣೆಯ ಕಾರುಗಳೆಲ್ಲ ಅದೇ ಹೊತ್ತಿಗೆ ಮೇಲೆ ಹೋಗುತ್ತಿರುತ್ತವೆ. ಮಂಗಳವಾರ, ಬುಧವಾರ ಉತ್ತಮ. ಹಿಂದಿನ ದೀಪ ಐದಕ್ಕೇ ಹಚ್ಚಿಕೊಳ್ಳಿ.

ಎರಡನೆಯ ಅರ್ಧ ಗೇರಿನದು. ನನ್ನದು 48-36-26ರ ಟ್ರೆಕ್ಕಿಂಗ್ ಕ್ರ್ಯಾಂಕ್ (ಪೆಡಲಿನ ಬಳಿಯ ಮೂರು ಹಲ್ಲುಚಕ್ರಗಳ ಹಲ್ಲಿನ ಲೆಕ್ಕ), ಹಿಂದೆ ಒಂಬತ್ತು ಸ್ಪೀಡಿನ 11-34 (11ರಿಂದ 34 ಹಲ್ಲಿನವರೆಗೆ ಒಂಬತ್ತು ಹಲ್ಲುಚಕ್ರ). ಒಳಗಿನ 26 ತೆಗೆದು 22 ಹಾಕಿದೆ. "ಸರ, ಇಪ್ಪತ್ತೆರಡು ಹಲ್ಲಿಂದು ಹಾಕಿದ್ರ ನಡಕೊಂಡು ಹೋಗೋರೂ ನಿಮ್ಮನ್ನ ದಾಟ್ತಾರ್ರೀ" ಎಂದು ನಮ್ಮ ಹುಬ್ಬಳ್ಳಿ ಗೆಳೆಯರು ನಕ್ಕಿದ್ದರು. 22ಕ್ಕೆ 34 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸಾಗುವುದು 1.4 ಮೀಟರ್, ನಿಮಿಷಕ್ಕೆ 70 ಸುತ್ತಿನಂತೆ ಗಂಟೆಗೆ ಆರು ಕಿ.ಮೀ. ನಿಧಾನ ನಿಜ. ಆದರೆ ಘಾಟ್ ಇರುವುದೇ ಹನ್ನೊಂದು ಕಿ.ಮೀ. ಆಸುಪಾಸು, ಏರು ಸರಾಸರಿ ನೂರಕ್ಕೆ ಐದು. ಎಂಟರ ವೇಗದಲ್ಲಿ ಹೋಗುವವರು ಮೂರು ಕಡೆ ನಿಂತು ತಲೆಗೆ ನೀರು ಸುರಿದುಕೊಳ್ಳುತ್ತಾರೆ, ನಾನು ನಿಲ್ಲುವುದಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಅದೇ 22 ಹಾಕಿಸಿಕೊಂಡಿದ್ದಾರೆ.

ಕಾರಣ ಸರಳ. ಸ್ನಾಯು ಕೆಲಸಕ್ಕೆ ಹಾಕುವುದು ತನ್ನ ಶಕ್ತಿಯ ಸುಮಾರು ಕಾಲು ಭಾಗ, ಉಳಿದದ್ದೆಲ್ಲ ಶಾಖ. ಎಂಟರ ವೇಗದಲ್ಲೂ ಮೈಗೆ ಗಾಳಿ ತಾಗುವುದಿಲ್ಲ, ಬೆವರು ಆರುವ ಬದಲು ತೊಟ್ಟಿಕ್ಕುತ್ತದೆ. ಗಾಳಿಯಿಲ್ಲದ ಕಡೆ ಶಾಖವನ್ನೇ ಕಡಿಮೆ ಹುಟ್ಟಿಸಬೇಕು.

ಜೋಡಿಸುವವರಿಗೆ: ರಿಂಗ್ (ಆ 22 ಹಲ್ಲಿನ ಚಕ್ರ) 64 ಮಿ.ಮೀ. ಬಿ.ಸಿ.ಡಿ.ಯದು (ಬೋಲ್ಟುಗಳು ಕೂರುವ ವೃತ್ತದ ವ್ಯಾಸ), ನಾಲ್ಕು ಬೋಲ್ಟ್. ಚೈನನ್ನು 48-34ರ, ಅಂದರೆ ಮುಂದಿನ, ಹಿಂದಿನ ಎರಡೂ ದೊಡ್ಡ ಹಲ್ಲುಚಕ್ರಗಳ ಲೆಕ್ಕಕ್ಕೇ ಕತ್ತರಿಸಿ. ಗಿಡ್ಡ ಮಾಡಿದರೆ ಕತ್ತಲಲ್ಲಿ ಒಮ್ಮೆ ತಪ್ಪಿ ಆ ಗೇರಿಗೆ ಹೋದಾಗ ಹಿಂದಿನ ಡಿರೇಲರ್ (ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಭಾಗ) ತೂಗುವ ಹ್ಯಾಂಗರ್ ಮುರಿಯುತ್ತದೆ. ಲಾಂಗ್ ಕೇಜ್, ಅಂದರೆ ಉದ್ದ ತೋಳಿನ ಡಿರೇಲರ್ ಎಳೆದುಕೊಳ್ಳುವ ಸಡಿಲ ಚೈನ್ 45 ಹಲ್ಲಿನಷ್ಟು, ಇಲ್ಲಿ ಬೇಕಿರುವುದು 49 (ಮುಂದೆ 48-22, ಹಿಂದೆ 34-11, ಈ ಎರಡು ವ್ಯತ್ಯಾಸಗಳ ಮೊತ್ತ). ಹಾಗಾಗಿ 22ರಲ್ಲಿದ್ದಾಗ ಹಿಂದಿನ 11, 13 ಮುಟ್ಟಬೇಡಿ, ಚೈನ್ ಜೋಲು ಬೀಳುತ್ತದೆ. 36ರಿಂದ 22ಕ್ಕೆ ಇಳಿಸುವಾಗ ಚೈನ್ ಒಳಗೆ ಬೀಳುವುದು ಇನ್ನೊಂದು ತಲೆನೋವು. ಚೈನ್ ಕ್ಯಾಚರ್ ಹಾಕಿದರೆ ಬಹುಪಾಲು ಹೋಗುತ್ತದೆ. ಕ್ಯಾಚರ್ ಇಲ್ಲದೆಯೂ ಬೀಳದಂತೆ ಮುಂದಿನ ಡಿರೇಲರನ್ನು ಕೂರಿಸುವ ಒಂದು ಬಗೆ ಇದೆ, ಅದು ನನ್ನ ಹತ್ತಿರವೇ ಇರಲಿ. ರಿಂಗಿಗೆ ಆರೇಳು ನೂರು, ಚೈನಿಗೆ ಸಾವಿರದ ಹತ್ತಿರ, ಕ್ರ್ಯಾಂಕ್ ಬಿಚ್ಚುವ ಪುಲ್ಲರಿಗೆ ಮುನ್ನೂರು. ಅಂಗಡಿಯೊಂದರಲ್ಲಿ ಪೂರಾ ಕ್ರ್ಯಾಂಕ್‌ಸೆಟ್ಟೇ ಬದಲಿಸಬೇಕೆಂದು ಆರು ಸಾವಿರ ಹೇಳಿದ್ದರು.

ನೀರು ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಒಂದೇ. ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿದರೆ ಬಾಯಾರಿಕೆ ಹೆಚ್ಚಿ ಹೊಟ್ಟೆ ತೊಳಸುತ್ತದೆ. ಒಂದು ಬಾಟಲಿಗೆ ಮುರುಗಲು ಸಿಪ್ಪೆ, ಬೆಲ್ಲ, ಕಾಲು ಚಮಚ ಉಪ್ಪು ಹಾಕಿ ನೋಡಿದೆ. ರುಚಿ ಎರಡನೆಯ ದಿನಕ್ಕೂ ಬೇಸರ ಬರಲಿಲ್ಲ, ಆದರೆ ಸಿಪ್ಪೆ ಬಾಟಲಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಸೋಸಿಯೇ ತುಂಬಬೇಕು. ಬಾಟಲಿಗೆ ಒದ್ದೆ ಹತ್ತಿಯ ಕಾಲುಚೀಲ ತೊಡಿಸುವ ಉಪಾಯ ಪುಣೆ-ವಾಯಿ ನಡುವಿನ ಶಿರ್ವಳ್ ಕಡೆಯ ಒಣಗಾಳಿಯಲ್ಲಿ ಚೆನ್ನಾಗಿ ನಡೆಯಿತು, ಘಾಟಿನಲ್ಲಿ ವೇಗವಿಲ್ಲದೆ ಅರ್ಧಂಬರ್ಧ, ಕೊಂಕಣದ ಸೆಕೆಯಲ್ಲಿ ಏನೇನೂ ಇಲ್ಲ. ಅಲ್ಲಿ ಕಾಲುಚೀಲ ಒಣಗುವುದೇ ಇಲ್ಲವಲ್ಲ.

ಮರುದಿನ ಮಹಾಬಳೇಶ್ವರದಿಂದ ಕೊಂಕಣಕ್ಕಿಳಿಯುವ ಆಂಬೇನಳಿ ಘಾಟ್, ಪೋಲಾದಪುರದವರೆಗೆ ಸಾವಿರದಿನ್ನೂರು ಮೀಟರಿಗೂ ಹೆಚ್ಚು ಇಳಿತ. ಸಾಮಾನು ಸೇರಿ 95 ಕಿಲೊ ತೂಕಕ್ಕೆ ಅಷ್ಟು ಇಳಿತದ ಶಕ್ತಿಯಲ್ಲಿ ಮೂರು ಲೀಟರ್ ನೀರು ಕುದಿಯುತ್ತದೆ. ಒಂದಷ್ಟನ್ನು ಗಾಳಿ ತಿನ್ನುತ್ತದೆ, ಮಿಕ್ಕಿದ್ದು ಬ್ರೇಕ್ ಹಿಡಿಯುವ ರಿಮ್ಮಿಗೆ. ಸದಾ ಬ್ರೇಕ್ ಹಿಡಿದೇ ಇಳಿದರೆ ಟ್ಯೂಬಿನ ಪಂಕ್ಚರ್ ತೇಪೆ ಏಳುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಟೈರಿನ ಗಾಳಿ ಎಂದಿಗಿಂತ ಹತ್ತು ಪಿ.ಎಸ್.ಐ. ಕಡಿಮೆ ಇರಲಿ. ಕೆಳಗಿಳಿದ ಮೇಲೆ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ. ರಬ್ಬರಿನಲ್ಲಿ ಅಲ್ಯೂಮಿನಿಯಂ ಚೂರು ಮಿನುಗುತ್ತಿದ್ದರೆ ಸೂಜಿಯಿಂದ ಕಿತ್ತು, ಮರಳು ಕಾಗದ ಉಜ್ಜಿ ಹಾಕಿ. ಹೊಸ ಜೋಡಿಗೆ ಇನ್ನೂರು ರೂಪಾಯಿ. ರಿಮ್ ಸವೆದರೆ ಚಕ್ರ ಮತ್ತೆ ಕಟ್ಟಿಸಲು ಎರಡು ಸಾವಿರದ ಮೇಲೆ.