ಇಲ್ಲದ ಫೈಲಿಗೂ ‘ಪರ್ಮಿಷನ್ ಡಿನೈಡ್’: ಪೋಸ್ಟ್‌ಗ್ರೆಸ್ ಕನೆಕ್ಷನ್ ಸರಿ ಮಾಡುವುದು ಹೇಗೆ?

ಸೂಪರ್‌ವೈಸರ್ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ಓಡಿಸುತ್ತಿರುವ ಟೂಲ್) ಕೆಳಗೆ ಓಡುವ ಪೈಥಾನ್ ಆಪ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕನೆಕ್ಟ್ ಆಗಲು ಹೋಗಿ, ರೂಟ್‌ನ (ಅಡ್ಮಿನ್ ಯೂಸರ್‌ನ) ಹೋಮ್ ಫೋಲ್ಡರ್‌ನಲ್ಲಿರುವ ‘ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಸಿಆರ್‌ಟಿ’ ಓದಲು ಪರ್ಮಿಷನ್ ಇಲ್ಲ ಎಂದು ಬೀಳುತ್ತದೆ. ರೂಟ್ ಆಗಿ ಹೋಗಿ ನೋಡಿದರೆ ಆ ಫೈಲೇ ಇಲ್ಲ! ಇಲ್ಲದ ಫೈಲಿಗೆ ಎಂಥ ಪರ್ಮಿಷನ್, ಅಲ್ವಾ?

ಈ ಫೈಲ್ ಹುಡುಕುವುದು ನಿಮ್ಮ ಕೋಡ್ ಅಲ್ಲ, ಅದರಡಿ ಇರುವ, ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲಿಬ್‌ಪಿಕ್ಯೂ ಲೈಬ್ರರಿ. ಎಸ್‌ಎಸ್‌ಎಲ್ (ಎನ್‌ಕ್ರಿಪ್ಟ್ ಆದ) ಕನೆಕ್ಷನ್ ಅಂದರೆ ಅದು ಹೋಮ್ ಫೋಲ್ಡರ್‌ನಲ್ಲಿ ಕ್ಲೈಂಟ್ ಸರ್ಟಿಫಿಕೇಟ್, ಅಂದರೆ ಸರ್ವರ್‌ಗೆ ತೋರಿಸುವ ಗುರುತಿನ ಫೈಲ್, ಹುಡುಕುತ್ತದೆ. ಫೈಲ್ ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ. ಆದರೆ ರೂಟ್‌ನ ಫೋಲ್ಡರ್‌ನ ಪರ್ಮಿಷನ್ ಸಾಮಾನ್ಯವಾಗಿ 0700, ಅಂದರೆ ರೂಟ್ ಬಿಟ್ಟು ಬೇರೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಗೇಟಿಗೇ ಬೀಗ ಬಿದ್ದಿದ್ದರೆ ಒಳಗೆ ಬಾವಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ‘ಇಲ್ಲ’ ಎಂಬ ಉತ್ತರದ ಬದಲು ‘ಬಿಡಲ್ಲ’ ಎಂಬ ಉತ್ತರ ಸಿಗುತ್ತದೆ, ಲೈಬ್ರರಿ ಅಲ್ಲೇ ನಿಲ್ಲುತ್ತದೆ. ‘ನೇಮ್‌ಐ’ ಕಮಾಂಡ್‌ಗೆ ಎಲ್ ಫ್ಲ್ಯಾಗ್ ಹಾಕಿ ಆ ಪೂರ್ತಿ ಪಾತ್ ಕೊಡಿ. ಪ್ರತಿ ಫೋಲ್ಡರ್‌ನ ಪರ್ಮಿಷನ್ ಒಂದೊಂದು ಸಾಲಾಗಿ ಕಾಣುತ್ತದೆ.

ಇದಕ್ಕೆ ರೂಟ್‌ನ ಹೋಮ್ ಫೋಲ್ಡರ್ ಅನ್ನೇ 755 ಮಾಡಿ ಎಲ್ಲರಿಗೂ ತೆರೆದುಬಿಡುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲಿ ಕೆಟ್ಟಿದೆಯೋ ಅಲ್ಲಿ ರಿಪೇರಿ ಮಾಡಿ.

ಕೆಟ್ಟಿರುವುದು ಹೋಮ್ ವೇರಿಯಬಲ್, ಅಂದರೆ ಹೋಮ್ ಫೋಲ್ಡರ್ ಎಲ್ಲಿದೆ ಎಂದು ಪ್ರೋಗ್ರಾಂಗೆ ಹೇಳುವ ಸೆಟ್ಟಿಂಗ್. ‘ಪ್ರಾಕ್’ ಕೆಳಗೆ ಆಪ್‌ನ ಪ್ರೋಸೆಸ್ ನಂಬರಿನ ಫೋಲ್ಡರ್‌ನಲ್ಲಿ ‘ಎನ್ವಿರಾನ್’ ಫೈಲ್ ತೆರೆದು ನೋಡಿ. ಯೂಸರ್ ಬೇರೆ ಇದ್ದರೂ ಹೋಮ್ ಮಾತ್ರ ರೂಟ್‌ನದ್ದೇ ಇರುತ್ತದೆ. ಸೂಪರ್‌ವೈಸರ್‌ನ ಕಾನ್ಫಿಗ್ ಫೈಲಿನಲ್ಲಿ ‘ಯೂಸರ್’ ಸಾಲು ಬರೆದರೆ ಯೂಸರ್ ಬದಲಾಗುತ್ತಾನೆ, ಹೋಮ್ ಬದಲಾಗುವುದಿಲ್ಲ. ‘ಎನ್ವಿರಾನ್‌ಮೆಂಟ್’ ಸಾಲಿನಲ್ಲಿ ನೀವೇ ಹೋಮ್ ಕೊಡಬೇಕು. ಕೊಟ್ಟ ಮೇಲೆ ಬರೀ ರೀಸ್ಟಾರ್ಟ್ ಸಾಲದು, ಅದು ಕಾನ್ಫಿಗ್ ಫೈಲನ್ನು ಮತ್ತೆ ಓದುವುದಿಲ್ಲ. ‘ಸೂಪರ್‌ವೈಸರ್‌ಸಿಟಿಎಲ್’ ಕಮಾಂಡ್‌ಗೆ ‘ರೀರೀಡ್’, ಆಮೇಲೆ ‘ಅಪ್‌ಡೇಟ್’ ಕೊಡಿ. ಲಿನಕ್ಸ್‌ನದ್ದೇ ಆದ ಸರ್ವಿಸ್ ಮ್ಯಾನೇಜರ್ ಸಿಸ್ಟಮ್‌ಡಿಯಲ್ಲಿ ಈ ರಗಳೆ ಇಲ್ಲ, ಯೂಸರ್ ಕೊಟ್ಟರೆ ಹೋಮ್ ಅದೇ ಸರಿ ಮಾಡುತ್ತದೆ.

‘ನಿನ್ನೆವರೆಗೂ ಓಡುತ್ತಿತ್ತಲ್ಲ!’ ಅನ್ನುವವರು ಲಿಬ್‌ಪಿಕ್ಯೂ ಆವೃತ್ತಿ ನೋಡಿ. 15ರಿಂದ ಅದು ಮೊದಲು ಹೋಮ್ ವೇರಿಯಬಲ್ ನೋಡುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಸಿಸ್ಟಮ್‌ನ ಪಾಸ್‌ವರ್ಡ್ ಡೇಟಾಬೇಸ್‌ನಲ್ಲಿ (ಯೂಸರ್‌ಗಳ ಪಟ್ಟಿಯಲ್ಲಿ) ಆ ಯೂಸರ್‌ಗೆ ಬರೆದಿರುವ ಹೋಮ್ ಬಳಸುತ್ತಿತ್ತು.

ಹೋಮ್ ಮುಟ್ಟುವಂತಿಲ್ಲವಾ? ಸರ್ಟಿಫಿಕೇಟ್ ಎಲ್ಲಿದೆ ಎಂದು ಹೇಳುವ ‘ಪಿಜಿಎಸ್‌ಎಸ್‌ಎಲ್‌ಸರ್ಟ್’ ವೇರಿಯಬಲ್‌ಗೆ ಆಪ್‌ನ ಸ್ವಂತ ಫೋಲ್ಡರ್‌ನಲ್ಲಿ ಇಲ್ಲದ ಒಂದು ಫೈಲಿನ ಪೂರ್ತಿ ಪಾತ್ ಕೊಡಿ, ಆಗ ‘ಇಲ್ಲ’ ಎಂಬ ಉತ್ತರ ಸಿಕ್ಕು ಲೈಬ್ರರಿ ಮುಂದೆ ಹೋಗುತ್ತದೆ. ಟೆಂಪ್ ಫೋಲ್ಡರ್ ಬೇಡ, ಅಲ್ಲಿ ಯಾರು ಬೇಕಾದರೂ ಆ ಹೆಸರಲ್ಲಿ ಫೈಲ್ ಇಡಬಹುದು.

ಹೋಮ್ ಬದಲಾದ ಮೇಲೆ ಡೇಟಾಬೇಸ್ ಪಾಸ್‌ವರ್ಡ್ ಇರುವ ‘ಪಿಜಿಪಾಸ್’ ಫೈಲನ್ನೂ ಲಿಬ್‌ಪಿಕ್ಯೂ ಹೊಸ ಹೋಮ್‌ನಲ್ಲೇ ಹುಡುಕುತ್ತದೆ. ಅದನ್ನು ಆಪ್‌ನ ಯೂಸರ್ ಹೆಸರಿಗೆ ಮಾಡಿ, 0600 (ಆ ಯೂಸರ್ ಮಾತ್ರ ಓದಿ ಬರೆಯುವಂತೆ) ಕೊಡಿ. ಇಲ್ಲಿ ಕಥೆ ಉಲ್ಟಾ: ಪರ್ಮಿಷನ್ ಜಾಸ್ತಿಯಾದರೂ ತೊಂದರೆ. 0640 ಇದ್ದರೂ (ಗ್ರೂಪ್‌ನವರೂ ಓದಬಹುದಾದರೂ) ಒಂದು ಎಚ್ಚರಿಕೆ ಕೊಟ್ಟು ಫೈಲನ್ನು ಬಿಟ್ಟುಬಿಡುತ್ತದೆ, ಆಮೇಲೆ ಪಾಸ್‌ವರ್ಡ್ ಕೊಟ್ಟಿಲ್ಲ ಎಂದು ತಕರಾರು ತೆಗೆಯುತ್ತದೆ.